ಹಳೆಯ ಹರಿಗೋಲಿಗೆ ಹೊಸ ಸಜ್ಜು

ಬೇಸಿಗೆಯಲ್ಲಿ ತುಂಗಭದ್ರೆ ತಗ್ಗಿ, ಆನೆಗೊಂದಿಯ ಸುತ್ತಲಿನ ಬಂಡೆಗಳು ನೀರಿನಿಂದ ಮೇಲೆದ್ದು ಕಾಣುವ ದಿನಗಳಲ್ಲಿ, ದಂಡೆಯ ಮೇಲೆ ಬೋರಲು ಹಾಕಿದ ಹರಿಗೋಲುಗಳನ್ನು ನೋಡಬಹುದು. ದೂರದಿಂದ ನೋಡಿದವರಿಗೆ ಯಾರೋ ದೊಡ್ಡ ಕರಿಯ ಬಾಣಲೆಗಳನ್ನು ತೊಳೆದು ಒಣಗಲು ಇಟ್ಟಂತೆ ತೋರುತ್ತದೆ. ಹತ್ತಿರ ಹೋದರೆ ಡಾಂಬರಿನ ವಾಸನೆ. ಸವೆದ ಹೊದಿಕೆಯನ್ನು ಕಿತ್ತು, ಮುರಿದ ಬಿದಿರು ದಬ್ಬೆಗಳನ್ನು ಬದಲಿಸಿ, ಹೊಸ ಚೀಲ ಹೊದಿಸಿ, ಕಾಯಿಸಿದ ಡಾಂಬರು ಬಳಿಯುವ ಕೆಲಸ ಹೊಳೆ ಬರುವ ಮೊದಲೇ ಮುಗಿಯಬೇಕು.

ಹೊಸ ದೋಣಿ ನೀರಿಗಿಳಿದರೆ ಪೂಜೆಯಾಗುತ್ತದೆ, ತೆಂಗಿನಕಾಯಿ ಒಡೆಯುತ್ತದೆ. ಹಳೆಯ ದೋಣಿಯನ್ನು ಮತ್ತೆ ಸಜ್ಜುಗೊಳಿಸುವ ಕೆಲಸವನ್ನು ಯಾರೂ ಗಮನಿಸುವುದಿಲ್ಲ. ಆದರೆ ಮೀನುಗಾರನ ಬದುಕು ಹೆಚ್ಚಾಗಿ ನಿಂತಿರುವುದು ಈ ಎರಡನೆಯ ಕೆಲಸದ ಮೇಲೆ. ದೋಣಿಯ ಯಾವ ಭಾಗವನ್ನು ಯಾವ ವಸ್ತುವಿನಿಂದ ಬದಲಿಸಲಾಗುತ್ತದೆ, ಅದನ್ನು ಬದಲಿಸುವ ಶಕ್ತಿ ಯಾರ ಕೈಯಲ್ಲಿದೆ ಎಂಬ ಎರಡು ಪ್ರಶ್ನೆಗಳಲ್ಲಿ ತುಂಗಭದ್ರೆಯ ಮೀನುಗಾರಿಕೆಯ ಚರಿತ್ರೆ ಬಹುಮಟ್ಟಿಗೆ ಅಡಗಿದೆ.

ನಾಲ್ಕು ತಾಲ್ಲೂಕು, ಎರಡು ಬಗೆಯ ನೀರು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು 1997ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಆ ವರ್ಷದ ಆಗಸ್ಟ್‌ನಲ್ಲಿ ಈ ನಾಲ್ಕೂ ಸೇರಿ ಕೊಪ್ಪಳ ಜಿಲ್ಲೆಯಾಯಿತು. ಇವುಗಳಲ್ಲಿ ಹೊಳೆಯ ದಂಡೆ ಇರುವುದು ಕೊಪ್ಪಳ ಮತ್ತು ಗಂಗಾವತಿಗೆ ಮಾತ್ರ. ಕುಷ್ಟಗಿ, ಯಲಬುರ್ಗಾಗಳು ಮಳೆಯನ್ನು ನಂಬಿದ ಒಣ ಸೀಮೆ. ಅಲ್ಲಿ ಮೀನೆಂದರೆ ಕೆರೆಯ ಮೀನು. ಕುಷ್ಟಗಿ ತಾಲ್ಲೂಕಿನ ನಿಡಶೇಸಿಯಂಥ ಕೆರೆಗಳು ತುಂಬಿದ ವರ್ಷ ಮರಿ ಬಿಟ್ಟು ಸಾಕಬಹುದು, ತುಂಬದ ವರ್ಷ ಬಲೆಯನ್ನು ಅಟ್ಟಕ್ಕೆ ಹಾಕಬೇಕು.

ನೀರಿನ ಈ ಭೇದವೇ ದೋಣಿಯ ಭೇದವನ್ನೂ ನಿರ್ಧರಿಸಿದೆ. ವರ್ಷದಲ್ಲಿ ಕೆಲವೇ ತಿಂಗಳು ನೀರಿರುವ ಕೆರೆಗೆ ದೋಣಿಯ ಮೇಲೆ ಹಣ ಹಾಕುವುದು ಕಷ್ಟ. ಆದ್ದರಿಂದ ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಗಾಳಿ ತುಂಬಿದ ಹಳೆಯ ಲಾರಿ ಟ್ಯೂಬು, ಥರ್ಮಾಕೋಲ್ ಹಲಗೆಗಳನ್ನು ಕಟ್ಟಿದ ತೆಪ್ಪ ಮೊದಲಾದವುಗಳ ಮೇಲೆ ಕುಳಿತು ಬಲೆ ಬಿಡುವವರು ಕಾಣುತ್ತಾರೆ. ಹೊಳೆಯ ದಂಡೆಯಲ್ಲಿರುವವರಿಗೆ ಹರಿಗೋಲೇ ಬೇಕು. ಅಂಬಿಗರು, ಗಂಗಾಮತಸ್ಥರು, ಬೆಸ್ತರು ಎಂದು ಹಲವು ಹೆಸರುಗಳಿಂದ ಕರೆಯಿಸಿಕೊಳ್ಳುವ ಸಮುದಾಯಗಳು ಈ ವಿದ್ಯೆಯನ್ನು ಉಳಿಸಿಕೊಂಡು ಬಂದಿವೆ. 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನಲ್ಲೇ ಈ ಕಸುಬು ಇದೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ಹಿಂದೆ ನೀರು ನಿಂತಾಗ ಒಂದು ದೊಡ್ಡ ಬದಲಾವಣೆಯಾಯಿತು. ಮುನಿರಾಬಾದಿನ ಮೇಲ್ಗಡೆ ಹೊಳೆಯಿದ್ದ ಜಾಗದಲ್ಲಿ, ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡಿಕೊಳ್ಳುವ ಜಲಾಶಯ ಬಂದಿತು. ಹರಿಯುವ ನೀರಿನಲ್ಲಿ ಬಂಡೆಗಳ ನಡುವೆ ಬೀಸುಬಲೆ ಎಸೆಯುತ್ತಿದ್ದವರ ಮುಂದೆ ಈಗ ಗಾಳಿಗೆ ಅಲೆಯೇಳುವ ಸಮುದ್ರದಂಥ ನೀರು. ಸಲಕರಣೆ ಬದಲಾಗದೆ ವಿಧಿಯಿರಲಿಲ್ಲ.

ತೊಗಲು ಹೋಗಿ ಚೀಲ ಬಂತು

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಆನೆಗೊಂದಿಗೆ ದಾಟುವ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿರುವ ಅವುಗಳ ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದು. ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಸಾಗುತ್ತವೆ ಎಂಬುದು ಅವನ ವರ್ಣನೆಯ ಸಾರಾಂಶ. ಐದು ನೂರು ವರ್ಷಗಳ ಮೇಲೂ ಇದರಲ್ಲಿ ತಿದ್ದಬೇಕಾದುದು ಒಂದೇ ಪದ: ತೊಗಲು.

ಇದೇ ಕಾಲದಲ್ಲಿ ಹೊಳೆಯ ಆಚೆ ದಡದಲ್ಲಿದ್ದ ಪುರಂದರದಾಸರು ಅಂಬಿಗನನ್ನು ಕರೆದು ಹಾಡಿದ ಕೀರ್ತನೆಯಲ್ಲಿ ಮನುಷ್ಯನ ದೇಹವನ್ನು ಒಂಬತ್ತು ತೂತುಗಳ ಹರಿಗೋಲಿಗೆ ಹೋಲಿಸಿದ್ದಾರೆ. ಹರಿಗೋಲಿನ ತೂತು ಎಂದರೆ ಏನೆಂದು ಕೇಳುವವರಿಗೆ ವಿವರಿಸುವ ಅಗತ್ಯ ಆ ದಂಡೆಯಲ್ಲಿ ಇದ್ದಿರಲಾರದು. ಮುಂದೆ 1803ರಲ್ಲಿ ಮರಾಠರ ಮೇಲಿನ ದಂಡಯಾತ್ರೆಗೆ ಹೊರಟ ಆರ್ಥರ್ ವೆಲ್ಲೆಸ್ಲಿ ಸಹ ಇಲ್ಲಿಯ ನದಿಗಳನ್ನು ದಾಟಲು ಬುಟ್ಟಿದೋಣಿಗಳನ್ನೇ ಮಾಡಿಸುವ ಸೂಚನೆ ಕೊಟ್ಟಿದ್ದ.

ಈ ಜಾಣತನ ನಮ್ಮದೊಬ್ಬರದೇ ಅಲ್ಲ. ಗ್ರೀಕ್ ಚರಿತ್ರೆಕಾರ ಹೆರೊಡೋಟಸ್ ಬ್ಯಾಬಿಲೋನಿಗೆ ಬರುತ್ತಿದ್ದ ದುಂಡನೆಯ ತೊಗಲು ದೋಣಿಗಳ ವಿಷಯ ಬರೆದಿದ್ದಾನೆ. ಇರಾಕಿನ ಟೈಗ್ರಿಸ್ ನದಿಯಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಇದ್ದ ‘ಕುಫ್ಫಾ’ ಎಂಬ ಬುಟ್ಟಿದೋಣಿಗೆ ತೊಗಲಿನ ಬದಲು ನೆಲದಿಂದ ತಾನಾಗಿ ಒಸರುವ ಡಾಂಬರನ್ನೇ ಬಳಿಯುತ್ತಿದ್ದರು. ಬ್ರಿಟನ್ನಿನ ವೇಲ್ಸ್ ಪ್ರಾಂತದ ಟೈವಿ ನದಿಯಲ್ಲಿ ಎರಡು ಹರಿಗೋಲುಗಳು ನಡುವೆ ಬಲೆ ಹಿಡಿದು ಸಾಲ್ಮನ್ ಮೀನು ಹಿಡಿಯುವ ಪದ್ಧತಿ ಪ್ರಸಿದ್ಧವಾದುದು. ಅಲ್ಲೂ ತೊಗಲು ಹೋಗಿ ಡಾಂಬರು ಬಳಿದ ಬಟ್ಟೆ ಬಂತು. ಮದರಾಸು ಪ್ರಾಂತದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣ ಭಾರತದ ಹಾಗೂ ಬ್ರಿಟನ್ನಿನ ಹರಿಗೋಲುಗಳೆರಡನ್ನೂ ಅಭ್ಯಾಸ ಮಾಡಿ ಬರೆದರು.

ತೊಗಲಿನಲ್ಲಿ ಒಂದು ಗುಣವೂ ಒಂದು ದೋಷವೂ ಇದ್ದವು. ಬಂಡೆಗೆ ಉಜ್ಜಿದರೂ ಅದು ಬೇಗ ಹರಿಯದು. ಆದರೆ ನೀರಿನಲ್ಲೇ ಬಿಟ್ಟರೆ ಕೊಳೆಯುತ್ತದೆ. ದಿನವೂ ಮೇಲೆತ್ತಿ ಒಣಗಿಸಿ, ಎಣ್ಣೆ ಕುಡಿಸಿ ಕಾಪಾಡಬೇಕು. ಬೆಲೆಯೂ ಹೆಚ್ಚು. ಪ್ಲಾಸ್ಟಿಕ್ ಎಳೆಯಿಂದ ನೇಯ್ದ ಚೀಲಗಳು ಹಳ್ಳಿಹಳ್ಳಿಗೆ ಬಂದ ಮೇಲೆ ಈ ತೊಂದರೆ ತಪ್ಪಿತು. ಇಲ್ಲಿ ಒಂದು ಸ್ವಾರಸ್ಯವಿದೆ. ಅಣೆಕಟ್ಟೆ ಎಡದಂಡೆ ಕಾಲುವೆಯನ್ನು ತಂದಿತು. ಕಾಲುವೆ ಗಂಗಾವತಿಯನ್ನು ಭತ್ತದ ಕಣಜವನ್ನಾಗಿ ಮಾಡಿತು. ಭತ್ತ ಬೆಳೆದಲ್ಲಿ ಗೊಬ್ಬರದ ಚೀಲಗಳಿಗೆ ಬರವಿಲ್ಲ. ಗದ್ದೆಗೆ ಬಂದ ಚೀಲ ಖಾಲಿಯಾದ ಮೇಲೆ ಹೊಳೆಯ ದೋಣಿಗೆ ಚರ್ಮವಾಗಬಲ್ಲದು. ಸಕ್ಕರೆ ಚೀಲ, ಪ್ಲಾಸ್ಟಿಕ್ ಹಾಳೆಗಳೂ ಇದೇ ಕೆಲಸಕ್ಕೆ ಒದಗುತ್ತವೆ.

ಮೊದಲು ತಳ ನೋಡು

ಹಳೆಯ ಹರಿಗೋಲನ್ನು ಮೀನು ಹಿಡಿಯಲು ಸಜ್ಜು ಮಾಡುವಾಗ ಮೊದಲ ಕೆಲಸ ತಳದ ಪರೀಕ್ಷೆ. ಬೋರಲು ಹಾಕಿದ ದೋಣಿಯ ಒಳಗೆ ತಲೆ ಹಾಕಿ ಬಿಸಿಲಿನತ್ತ ನೋಡಿದರೆ, ಸೂಜಿಮೊನೆಯಷ್ಟು ತೂತಿದ್ದರೂ ಬೆಳಕಿನ ಚುಕ್ಕೆಯಾಗಿ ಕಾಣುತ್ತದೆ. ಬಿದಿರಿನ ದಬ್ಬೆಗಳನ್ನು ಬೆರಳಿನಿಂದ ಒತ್ತಿ ನೋಡಬೇಕು. ಹುಳ ಹಿಡಿದದ್ದು, ನೀರು ಕುಡಿದು ಮೆತ್ತಗಾದದ್ದು ಒತ್ತಿದಾಗ ಪುಡಿಯಾಗುತ್ತದೆ. ಅಂಚಿನ ಸುತ್ತನ್ನು ಬಿಗಿಯಾಗಿ ಹಿಡಿದಿರುವ ಕಟ್ಟು ಸಡಿಲವಾಗಿದ್ದರೆ ಮಿಕ್ಕುದೆಲ್ಲ ಗಟ್ಟಿಯಿದ್ದೂ ಪ್ರಯೋಜನವಿಲ್ಲ. ಬುಟ್ಟಿಯ ಬಲವೆಲ್ಲ ಬಾಯಂಚಿನಲ್ಲಿರುತ್ತದೆ ಎಂಬುದು ಮೊರ, ಬುಟ್ಟಿ ಹೆಣೆಯುವವರಿಗೆಲ್ಲ ಗೊತ್ತಿರುವ ಮಾತು.

ದಬ್ಬೆ ಬದಲಾದ ಮೇಲೆ ಹೊದಿಕೆ. ಚೀಲಗಳನ್ನು ಬಿಚ್ಚಿ ಒಂದಕ್ಕೊಂದು ಹೊಲಿದು, ಸುಕ್ಕು ಬಾರದಂತೆ ಎಳೆದು ಅಂಚಿಗೆ ಕಟ್ಟುತ್ತಾರೆ. ಮೇಲೆ ಬಿಸಿ ಡಾಂಬರು. ಡಾಂಬರು ತೆಳುವಾದರೆ ನೀರು ಒಸರುತ್ತದೆ, ದಪ್ಪವಾದರೆ ಬಿಸಿಲಿಗೆ ಕರಗಿ ಕೆಳಗಿಳಿಯುತ್ತದೆ, ತಂಪಿಗೆ ಬಿರುಕು ಬಿಡುತ್ತದೆ. ಒಣಗಿದ ಮೇಲೆ ಮೊಣಕಾಲುದ್ದದ ನೀರಿನಲ್ಲಿ ಕಲ್ಲು ಹೇರಿ ಸ್ವಲ್ಪ ಹೊತ್ತು ಬಿಟ್ಟು ನೋಡುವುದು ಕ್ಷೇಮ. ಒಳಗೆ ಎಲ್ಲಿ ತೇವ ಕಾಣುವುದೋ ಅಲ್ಲಿಗೆ ಇನ್ನೊಂದು ಕೈ ಡಾಂಬರು.

ಇಷ್ಟು ಹಗುರವಾದ ಬುಟ್ಟಿ ಅಷ್ಟು ಭಾರ ಹೊರುವುದು ಹೇಗೆ ಎಂಬ ಪ್ರಶ್ನೆಗೆ ಸರಳ ಲೆಕ್ಕದಲ್ಲಿ ಉತ್ತರವಿದೆ. ಎರಡು ಮೀಟರ್ ಅಗಲದ ಹರಿಗೋಲಿನ ತಳ ಚಪ್ಪಟೆಯೆಂದು ಹಿಡಿದರೆ ಅದರ ವಿಸ್ತೀರ್ಣ ಸುಮಾರು 3.14 ಚದರ ಮೀಟರ್. ಅದು ನೀರಿನಲ್ಲಿ ಹತ್ತು ಸೆಂಟಿಮೀಟರ್ ಮುಳುಗಿದರೆ 314 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಎಂದರೆ 314 ಕಿಲೋ ಭಾರವನ್ನು ಹೊರುತ್ತದೆ. ದೋಣಿ, ಒಬ್ಬ ಮೀನುಗಾರ, ಅವನ ಬಲೆ ಎಲ್ಲ ಸೇರಿ ನೂರು ನೂರಿಪ್ಪತ್ತು ಕಿಲೋ ಆದರೆ ಅದು ಮುಳುಗುವುದು ನಾಲ್ಕು ಸೆಂಟಿಮೀಟರಿನಷ್ಟು. ತಳ ದುಂಡಗಿರುವುದರಿಂದ ಇನ್ನು ಸ್ವಲ್ಪ ಹೆಚ್ಚಬಹುದು. ಗೇಣುದ್ದ ನೀರಿದ್ದರೂ ಬಂಡೆಯ ಮೇಲೆ ತೇಲಿ ಹೋಗುವ ಗುಟ್ಟು ಇದೇ.

ಅದೇ ಆಕಾರದಲ್ಲಿ ಅಪಾಯವೂ ಇದೆ. ಕೆಳಗೆ ನೀರನ್ನು ಸೀಳಿ ಹಿಡಿಯುವ ಏಣು ಇಲ್ಲದ ಕಾರಣ ಹರಿಗೋಲು ಹುಟ್ಟಿನ ಪ್ರತಿ ಹೊಡೆತಕ್ಕೂ ತಿರುಗುತ್ತದೆ. ಆದ್ದರಿಂದ ಅನುಭವಿಗಳು ಹುಟ್ಟನ್ನು ಪಕ್ಕದಲ್ಲಿ ಹಾಕದೆ ಮುಂದೆ ಹಾಕಿ ನೀರನ್ನು ತಮ್ಮತ್ತ ಸೆಳೆದುಕೊಳ್ಳುತ್ತಾರೆ. ಬಲೆ ಎಳೆಯುವಾಗ ಎದ್ದು ಅಂಚಿಗೆ ಬಾಗಿದರೆ ದೋಣಿಯೂ ಬಾಗುತ್ತದೆ. ಕುಳಿತೇ ಎಳೆಯಬೇಕೆಂಬುದು ಅದಕ್ಕಾಗಿ.

ಆಮೇಲೆ ಬಲೆ

ದೋಣಿ ತೇಲಿತು ಎಂದ ಮಾತ್ರಕ್ಕೆ ಮೀನುಗಾರನ ದೋಣಿಯಾಗಲಿಲ್ಲ. ಹರಿಯುವ ಹೊಳೆಯ ಮಡುಗಳಿಗೆ ಬೀಸುಬಲೆ, ಗಾಳ. ಜಲಾಶಯದ ನಿಂತ ನೀರಿಗೆ ಗೋಡೆಯಂತೆ ನೆಟ್ಟಗೆ ನಿಲ್ಲುವ ಬಲೆ. ಈ ಎರಡನೆಯ ಬಗೆಯ ಬಲೆಗೆ ಮೇಲಂಚಿನ ಹಗ್ಗದಲ್ಲಿ ಬೆಂಡುಗಳಿರುತ್ತವೆ, ಕೆಳಗಂಚಿನಲ್ಲಿ ಸೀಸದ ಗುಂಡು ಅಥವಾ ಸಣ್ಣ ಕಲ್ಲುಗಳು. ಬೆಂಡು ಹೆಚ್ಚಾದರೆ ಬಲೆ ಮೇಲೇಳುತ್ತದೆ, ಭಾರ ಹೆಚ್ಚಾದರೆ ಕೆಸರಿಗಿಳಿಯುತ್ತದೆ. ಬಲೆಯನ್ನು ಹಗ್ಗಕ್ಕೆ ಕಟ್ಟುವುದರಲ್ಲೂ ಲೆಕ್ಕವಿದೆ. ನೂರು ಮೀಟರ್ ಎಳೆದುದ್ದದ ಬಲೆಯನ್ನು ನೂರು ಮೀಟರ್ ಹಗ್ಗಕ್ಕೇ ಕಟ್ಟಿದರೆ ಕಣ್ಣುಗಳು ಮುಚ್ಚಿಕೊಳ್ಳುತ್ತವೆ. ಸುಮಾರು ಅರ್ಧದಷ್ಟು ಹಗ್ಗಕ್ಕೆ ಸಡಿಲವಾಗಿ ಕಟ್ಟಿದಾಗ ಕಣ್ಣು ಬಾಯಿ ತೆರೆದು, ಮೀನಿನ ತಲೆ ಹೊಕ್ಕು ಕಿವಿರಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಹಿಂದೆ ಬಲೆಗಳು ಹತ್ತಿಯ ನೂಲಿನವು. ಅವು ನೀರಿನಲ್ಲಿ ಬೇಗ ಕೊಳೆಯುವುದರಿಂದ ಮರದ ತೊಗಟೆಯ ಒಗರು ರಸದಲ್ಲಿ ಅದ್ದಿ ಒಣಗಿಸುತ್ತಿದ್ದರು. 1935ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ನೈಲಾನ್, ಎರಡನೆಯ ಮಹಾಯುದ್ಧದ ನಂತರ ಜಗತ್ತಿನ ಮೀನುಗಾರರ ಬಲೆಗಳನ್ನು ಸೇರಿತು. 1957ರಲ್ಲಿ ಕೊಚ್ಚಿಯಲ್ಲಿ ಸ್ಥಾಪನೆಯಾದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ನೀರಿಗೆ ಹೊಂದುವ ದೋಣಿ, ಬಲೆಗಳ ಮೇಲೆ ಸಂಶೋಧನೆ ನಡೆಸಿತು. ನೈಲಾನ್ ಕೊಳೆಯುವುದಿಲ್ಲ, ಹಗುರ, ಹತ್ತಿಯಷ್ಟು ನೀರು ಕುಡಿಯುವುದಿಲ್ಲ. ಒಬ್ಬನೇ ಮೊದಲಿಗಿಂತ ಎಷ್ಟೋ ಉದ್ದದ ಬಲೆಯನ್ನು ಚಿಕ್ಕ ಹರಿಗೋಲಿನಲ್ಲಿ ಒಯ್ಯಬಲ್ಲ.

ಅದರ ಹಿಂದೆ ಬಂದದ್ದು ಒಂಟಿ ಎಳೆಯ, ಗಾಜಿನಂತೆ ಕಾಣದ ಬಲೆ. ಅಗ್ಗ, ಆದರೆ ಹರಿದರೆ ತೇಪೆ ಹಾಕುವ ಶ್ರಮಕ್ಕೆ ಬಾಳದು. ಹಳೆಯ ಬಲೆಯನ್ನು ಮನೆಯ ಹಿರಿಯರು ಕಟ್ಟೆಯ ಮೇಲೆ ಕುಳಿತು ಹೆಣೆದು ಸರಿಪಡಿಸುತ್ತಿದ್ದರು. ಇದನ್ನು ಎಸೆದು ಇನ್ನೊಂದು ತರುತ್ತಾರೆ. ನೀರಿನಲ್ಲಿ ಕಳೆದುಹೋದ ಹತ್ತಿಯ ಬಲೆ ಕೊಳೆತು ಮಣ್ಣಾಗುತ್ತಿತ್ತು. ನೈಲಾನಿನದು ಯಜಮಾನನಿಲ್ಲದೆಯೇ ಬಂಡೆಗೆ ಸಿಕ್ಕಿಕೊಂಡು ಬಹುಕಾಲ ಮೀನು ಹಿಡಿಯುತ್ತಲೇ ಇರುತ್ತದೆ.

ಇಂಜಿನ್ ಕೂಡಿಸುವ ಪ್ರಶ್ನೆ

ಕರಾವಳಿಯಲ್ಲಿ 1980ರ ದಶಕದಲ್ಲಿ ಹಳೆಯ ನಾಡದೋಣಿಗಳ ಹಿಂಬದಿಗೆ ಔಟ್‌ಬೋರ್ಡ್ ಇಂಜಿನ್ ಕೂಡಿಸುವ ರೂಢಿ ಹಬ್ಬಿತು. ಹರಿಗೋಲಿಗೂ ಒಂದನ್ನು ಕಟ್ಟಬಾರದೇಕೆ ಎಂದು ಕೇಳಬಹುದು. ಇಂಜಿನ್ ತೂಗಿ ಹಾಕಲು ಗಟ್ಟಿಯಾದ ಚಪ್ಪಟೆ ಹಿಂಬದಿ ಹಲಗೆ ಬೇಕು. ದುಂಡು ಬುಟ್ಟಿಗೆ ಹಿಂದೆ ಮುಂದೆ ಎಂಬುದೇ ಇಲ್ಲ. ಅಂಚಿನಲ್ಲಿ ತಳ್ಳಿದರೆ ಅದು ಮುಂದೆ ಹೋಗುವುದಕ್ಕಿಂತ ಗಿರಗಿರ ಸುತ್ತುವುದೇ ಹೆಚ್ಚು. ಇಂಜಿನ್ ಬೇಕಾದರೆ ದೋಣಿಯೇ ಬೇರೆಯಾಗಬೇಕು.

ಜಲಾಶಯದಂಥ ವಿಶಾಲ ನೀರಿಗೆ ಬಳಸಿದ ಇಂಜಿನ್ ದೋಣಿಯನ್ನು ತರುವವರಿಗೂ ನಿಯಮ ಹರಿಗೋಲಿನದೇ: ಮೊದಲು ತಳ, ಆಮೇಲೆ ನಡೆಸುವ ಸಾಧನ, ಕೊನೆಗೆ ಬಲೆ. ಹಿಂಬದಿ ಹಲಗೆಯನ್ನು ತಟ್ಟಿದಾಗ ಗಟ್ಟಿ ಸದ್ದು ಬರಬೇಕು. ಮಂದ ಸದ್ದು ಬಂದರೆ ಒಳಗಿನ ಮರ ಕೊಳೆತಿರುವ ಸಂಶಯ. ಬಿರುಕು ಬಿಟ್ಟ ಇಂಧನದ ಕೊಳವೆಯನ್ನು ಮುಲಾಜಿಲ್ಲದೆ ಬದಲಿಸಬೇಕು. ಹಲವು ಚಿಕ್ಕ ಇಂಜಿನ್‌ಗಳ ಪ್ರೊಪೆಲರಿನಲ್ಲಿ ಒಂದು ಮೆತ್ತನೆಯ ಲೋಹದ ಪಿನ್ನು ಇರುತ್ತದೆ. ಬಂಡೆಗೆ ತಾಗಿದಾಗ ತಾನು ಮುರಿದು ಗೇರನ್ನು ಉಳಿಸುವುದೇ ಅದರ ಕೆಲಸ. ಅಂಥ ಪಿನ್ನು ಎರಡು ಹೆಚ್ಚು ಇಟ್ಟುಕೊಳ್ಳದೆ ಹೊರಟವನು ಹುಟ್ಟು ಹಾಕಿಕೊಂಡು ಮರಳಬೇಕಾಗುತ್ತದೆ. ಹುಟ್ಟೂ ಇಲ್ಲದಿದ್ದರೆ ಗಾಳಿ ಒಯ್ದಲ್ಲಿಗೆ.

ಬಲೆ, ಹಗ್ಗಗಳನ್ನು ಮುಂಭಾಗದಲ್ಲಿ ಇಡಬೇಕು. ಪ್ರೊಪೆಲರಿಗೆ ಬಲೆ ಸುತ್ತಿಕೊಂಡರೆ ಬಲೆಯೂ ಹೋಯಿತು, ಇಂಜಿನ್ನೂ ನಿಂತಿತು. ಗಾಳದ ಕೋಲು ಸಿಕ್ಕಿಸುವ ಕೊಳವೆಯನ್ನೋ ಹಗ್ಗ ಕಟ್ಟುವ ಕೊಕ್ಕೆಯನ್ನೋ ಕೂಡಿಸಲು ಅಂಚಿಗೆ ತೂತು ಹಾಕುವಾಗ ಒಳಗಡೆಯಿಂದ ಒಂದು ಆಸರೆ ಹಲಗೆ ಕೊಡಬೇಕು. ಇಲ್ಲದಿದ್ದರೆ ಭಾರ ಬಿದ್ದಾಗ ಬೋಲ್ಟು ತಳುಕನ್ನೇ ಕಿತ್ತುಕೊಂಡು ಬರುತ್ತದೆ. ಹಾಕಿದ ತೂತಿನ ಸುತ್ತ ನೀರು ಹೋಗದಂತೆ ಮೇಣವನ್ನೋ ಅಂಟನ್ನೋ ತುಂಬಬೇಕು. ಹೊಸ ತೂತೆಂದರೆ ನೀರಿಗೆ ತೆರೆದ ಹೊಸ ಬಾಗಿಲು.

ಯಾರು ರಿಪೇರಿ ಮಾಡಬೇಕು?

ಬಿದಿರು ಹರಿಗೋಲಿನ ಪಕ್ಕದಲ್ಲಿ ಈಗ ಫೈಬರ್ ಗ್ಲಾಸ್ ಹರಿಗೋಲುಗಳಿವೆ. ಮೀನುಗಾರಿಕೆ ಇಲಾಖೆಯ ಸಹಾಯಧನದಲ್ಲೂ ಇವು ದೊರೆಯುತ್ತವೆ. ಕೊಳೆಯುವುದಿಲ್ಲ, ಹುಳ ಹಿಡಿಯುವುದಿಲ್ಲ, ವರ್ಷವರ್ಷ ಡಾಂಬರು ಬೇಡ. ಈ ಅನುಕೂಲಗಳು ಸಣ್ಣವಲ್ಲ. ಈ ಒಣ ಸೀಮೆಗೆ ಬಿದಿರು ಹೊರಗಿನಿಂದಲೇ ಬರಬೇಕು, ಹೆಣೆಯಬಲ್ಲ ಕೈಗಳೂ ಕಡಿಮೆಯಾಗುತ್ತಿವೆ.

ಆದರೆ ಬಂಡೆಗೆ ಬಡಿದು ಫೈಬರ್ ಬಿರುಕು ಬಿಟ್ಟಾಗ ಕಷ್ಟದ ಸ್ವರೂಪ ಬದಲಾಗುತ್ತದೆ. ಬಿರುಕನ್ನು ಉಜ್ಜಿ, ಪೂರ್ತಿ ಒಣಗಿಸಿ, ಗಾಜಿನ ನಾರಿನ ಚಾಪೆಯನ್ನಿಟ್ಟು, ಸರಿಯಾದ ಪ್ರಮಾಣದಲ್ಲಿ ಗಟ್ಟಿಕಾರಕ ಬೆರೆಸಿದ ರಾಳವನ್ನು ಬಳಿಯಬೇಕು. ತೇವವಿದ್ದರೆ ಅಂಟು ಹಿಡಿಯದು. ಸಾಮಗ್ರಿಗೆ ಪಟ್ಟಣಕ್ಕೆ ಹೋಗಬೇಕು, ಬೆರೆಸುವ ಹದ ಕಲಿತಿರಬೇಕು. ಡಾಂಬರಿನ ಹರಿಗೋಲಾದರೆ ಮೀನುಗಾರ ಬೆಳಿಗ್ಗೆ ತೇಪೆ ಹಾಕಿ ಸಂಜೆ ನೀರಿಗಿಳಿಸಬಲ್ಲ. ಕೆಲಸ ನಿಂತ ಒಂದೊಂದು ದಿನವೂ ಅವನಿಗೆ ಒಲೆ ಉರಿಯದ ದಿನ ಎಂಬುದನ್ನು ನೆನೆದರೆ ಈ ವ್ಯತ್ಯಾಸದ ತೂಕ ತಿಳಿಯುತ್ತದೆ. ಹೊಸ ದೋಣಿಗೆ ಸಹಾಯಧನ ಕೊಟ್ಟು ರಿಪೇರಿಯ ವಿದ್ಯೆ ಕೊಡದಿದ್ದರೆ ಅರ್ಧ ಕೆಲಸ ಮಾಡಿದಂತೆ.

ದಾಟಿಸುವ ಸಂಪಾದನೆ ಕಡಿಮೆಯಾದ ಮೇಲೆ ಈ ಮಾತು ಇನ್ನೂ ಮುಖ್ಯವಾಗಿದೆ. ತಳವಾರಘಟ್ಟ ಮತ್ತು ಆನೆಗೊಂದಿಗಳ ನಡುವೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಬಿತ್ತು. ಮುಂದೆ ಕೆಳಗಡೆ ಕಡೇಬಾಗಿಲು, ಬುಕ್ಕಸಾಗರಗಳ ನಡುವೆ ಸೇತುವೆಯಾಯಿತು. ಜನ ಅದರ ಮೇಲೆ ಹೋಗುತ್ತಾರೆ. ಹರಿಗೋಲಿಗೆ ಉಳಿದದ್ದು ಎರಡು ದಾರಿ: ಸಾಣಾಪುರದಂಥ ಕಡೆ ಪ್ರವಾಸಿಗರನ್ನು ಕೂಡಿಸಿ ಸುತ್ತಿಸುವುದು, ಇಲ್ಲವೆ ಮೀನು.

ಕಣ್ಣಿನ ಅಳತೆ

ಮೀನಿನ ದಾರಿಯಲ್ಲಿ ಉಳಿಯಬೇಕಾದರೆ ಮೀನು ಉಳಿಯಬೇಕು. ಬಲೆಯ ಕಣ್ಣು ಚಿಕ್ಕದಾದಷ್ಟೂ ಮರಿಗಳು ಸಿಗುತ್ತವೆ. ಇಂದಿನ ಬುಟ್ಟಿ ತುಂಬುತ್ತದೆ, ಬರುವ ವರ್ಷದ ಬುಟ್ಟಿ ಬರಿದಾಗುತ್ತದೆ. ತುಂಗಭದ್ರಾ ಜಲಾಶಯದಲ್ಲಿ ‘ಅಲಿವಿ’ ಎಂಬ ಭಾರಿ ದಂಡೆಬಲೆಯ ಬಗ್ಗೆ ಮೀನುಗಾರಿಕಾ ತಜ್ಞರು ಹಿಂದಿನಿಂದಲೂ ಆತಂಕ ತೋರಿದ್ದಾರೆ. ದಂಡೆಯ ನೀರನ್ನು ಗುಡಿಸಿದಂತೆ ಎಳೆಯುವ ಅದಕ್ಕೆ ದೊಡ್ಡದು ಚಿಕ್ಕದೆಂಬ ಭೇದವಿಲ್ಲ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿತ್ತು. ಕರ್ನಾಟಕ ಒಳನಾಡು ಮೀನುಗಾರಿಕೆಗೆ 1996ರ ಪ್ರತ್ಯೇಕ ಕಾಯ್ದೆಯೂ ಇದೆ.

ಹೊಳೆಯಲ್ಲಿ ಮೀನುಗಾರನಿಗೆ ಒಬ್ಬ ಪಾಲುದಾರನೂ ಇದ್ದಾನೆ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ತುಂಗಭದ್ರೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಲಾಯಿತು. ನೀರುನಾಯಿ ಬಲೆಯಲ್ಲಿ ಸಿಕ್ಕ ಮೀನನ್ನು ತಿನ್ನಲು ಬಂದು ಬಲೆ ಹರಿಯುತ್ತದೆ. ಹರಿದ ಬಲೆಯ ನಷ್ಟ ಮೀನುಗಾರನದು. ಆದರೆ ನೀರುನಾಯಿ ಬದುಕಿರುವ ಹೊಳೆಯಲ್ಲಿ ಮೀನಿದೆ ಎಂಬುದೂ ನಿಜ. ಅದನ್ನು ಓಡಿಸುವ ಸಿಡಿಮದ್ದು ಬಲೆಯವನ ಪಾಲನ್ನೂ ಕೊಲ್ಲುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ತೂಬುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಎಪ್ಪತ್ತು ವರ್ಷದ ಕಟ್ಟಡ ಗಟ್ಟಿಯಾಗಿಯೇ ನಿಂತಿತ್ತು. ಸೋತದ್ದು ಒಂದು ಸರಪಳಿ. ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆ ಇಳಿಸಲು ತಂತ್ರಜ್ಞರು ಹಗಲಿರುಳು ದುಡಿದರು. ಕೆಳಗಿನ ದಂಡೆಗಳಲ್ಲಿ ಪ್ರವಾಹದ ಎಚ್ಚರಿಕೆ ಹೊರಟಿತು.

ಹರಿಗೋಲಿನವರಿಗೆ ಆ ಪಾಠ ಹೊಸದಲ್ಲ. ಬಿದಿರು ಗಟ್ಟಿಯಿದ್ದರೂ ಅಂಚಿನ ಕಟ್ಟು ಬಿಚ್ಚಿದರೆ ದೋಣಿ ಉಳಿಯದೆಂದು ಅವರು ಬಲ್ಲರು. ಆದ್ದರಿಂದಲೇ ಪ್ರತಿ ಬೇಸಿಗೆ ಅದನ್ನು ಬೋರಲು ಹಾಕಿ, ಬಿಸಿಲಿಗೆ ಹಿಡಿದು, ಬೆಳಕು ಎಲ್ಲಿಂದ ಬರುತ್ತದೆಂದು ನೋಡುತ್ತಾರೆ.